ಗರ್ಭಕೋಶದಲ್ಲಿ ಗೋಡೆಯೋ, ಎರಡು ಕೊಂಬೋ ಗೊತ್ತಿಲ್ಲ. ಎರಡನೇ ಮಗುವೂ ಉಳಿಯಲಿಲ್ಲ. ಆಪರೇಷನ್ ಮಾಡಿಸಲಾ?

ಕಿತ್ತಳೆಗಿಡ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಬರೆಯಲೋ ಬೇಡವೋ ಅಂತ ಹದಿನೈದು ದಿನದಿಂದ ಯೋಚಿಸುತ್ತಿದ್ದೆ. ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನಗೆ 31 ವರ್ಷ. ಕೊಡಗಿನ ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮೂರು ಎಕರೆ ತೋಟ ಇದೆ, ಗಂಡ ಅದನ್ನು ನೋಡಿಕೊಳ್ಳುತ್ತಾರೆ. ನಾನು ಕಾಫಿ ಬೀಜ ಹದ ಮಾಡುವ ಒಂದು ಕ್ಯೂರಿಂಗ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತೇನೆ. ಮದುವೆಯಾಗಿ 5 ವರ್ಷ ಆಯಿತು.

ಮೊದಲನೆಯದು ಹೋಗಿದ್ದು ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ. 9 ವಾರ ಆಗಿತ್ತು. ಸ್ಕ್ಯಾನಿಂಗ್‌ನಲ್ಲಿ ಹಾರ್ಟ್‌ಬೀಟ್ ಇರಲಿಲ್ಲ. ಮಾತ್ರೆ ಕೊಟ್ಟು ಕಳಿಸಿದರು. "ಮೊದಲನೆಯದು ಹೀಗಾಗುವುದು ತುಂಬಾ ಕಾಮನ್" ಅಂದರು. ಅದೇ ವಾರ ಹೂಮಳೆ ಬಿದ್ದು ತೋಟ ಪೂರ್ತಿ ಬೆಳ್ಳಗಾಗಿತ್ತು. ಕಾಫಿ ಹೂವಿನ ವಾಸನೆ ಹೇಗೆ ಮನೆಯೊಳಗೆಲ್ಲ ತುಂಬಿಕೊಳ್ಳುತ್ತದೆ ಅಂತ ನಿಮಗೆ ಗೊತ್ತಲ್ವಾ. ಅತ್ತೆ ತಲೆ ಸವರಿ, "ಬಿಟ್ಟ ಹೂವೆಲ್ಲ ಕಾಯಿ ಕಟ್ಟುತ್ತದಾ ಮಗಳೇ" ಅಂದರು. ಅವರು ಸಮಾಧಾನಕ್ಕೇ ಹೇಳಿದ್ದು. ಆದರೆ ಆಮೇಲೆ ಎರಡು ವರ್ಷವೂ ಹೂವಿನ ದಿನಗಳಲ್ಲಿ ನಾನು ಕಿಟಕಿ ತೆಗೆದಿಲ್ಲ.

ಈ ವರ್ಷ ಮತ್ತೆ ನಿಂತಿತು. 12ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಮಗು ಚೆನ್ನಾಗಿದೆ ಅಂದರು. ಆದರೆ ರಿಪೋರ್ಟಿನ ಕೊನೆ ಸಾಲಲ್ಲಿ "ಸೆಪ್ಟೇಟ್ / ಬೈಕಾರ್ನುಯೇಟ್ ಯೂಟೆರಸ್?" ಅಂತ ಬರೆದಿತ್ತು, ಅಂದರೆ ಒಳಗೆ ಗೋಡೆ ಇರುವ ಗರ್ಭಕೋಶವೋ, ಎರಡು ಕೊಂಬಿನದ್ದೋ ಅಂತ. ಕೊನೆಯಲ್ಲಿ ಪ್ರಶ್ನೆ ಚಿಹ್ನೆ. ಡಾಕ್ಟರನ್ನು ಕೇಳಿದರೆ, "ಗರ್ಭಕೋಶದ ಆಕಾರ ಸ್ವಲ್ಪ ಬೇರೆ ಇದೆ, ಎಷ್ಟೋ ಜನಕ್ಕೆ ಇರುತ್ತದೆ, ಹೆರಿಗೆಯೂ ಆಗುತ್ತದೆ" ಅಂದರು. ಅಷ್ಟಕ್ಕೇ ಬಿಟ್ಟೆವು.

ಆಟಿ ತಿಂಗಳ 18ರ ದಿನ ಅತ್ತೆ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು. ಒಂದು ಲೋಟ ಕುಡಿದೆ. ಚಿಕ್ಕಂದಿನಿಂದ ಕುಡಿದವಳು ನಾನು. ಕುಡಿದ ಮೇಲೆ ಮೂತ್ರ ಕೆಂಪಾಗುತ್ತದೆ ಅಂತ ಕೊಡಗಿನಲ್ಲಿ ಚಿಕ್ಕ ಮಗುವಿಗೂ ಗೊತ್ತು. ನನಗೆ ಅದು ಪೂರ್ತಿ ಮರೆತೇ ಹೋಗಿತ್ತು. ರಾತ್ರಿ ಕರೆಂಟ್ ಇರಲಿಲ್ಲ. ಬಚ್ಚಲಲ್ಲಿ ಟಾರ್ಚ್ ಬೆಳಕಿಗೆ ಕೆಂಪು ಕಂಡದ್ದೇ ಕೈಕಾಲು ತಣ್ಣಗಾಗಿ ಅಲ್ಲೇ ಕುಸಿದು ಕೂತೆ. ಗಂಡ ಓಡಿ ಬಂದರು. ನೋಡಿ, ಪಕ್ಕದಲ್ಲಿ ಕೂತು, "ನನಗೂ ಕೆಂಪೇ ಹೋಗುತ್ತಿದೆ ಕಣೇ, ಪಾಯಸದ್ದು" ಅಂದರು. ಇಬ್ಬರೂ ಒದ್ದೆ ನೆಲದ ಮೇಲೆ ಕೂತು ನಕ್ಕೆವು, ಆಮೇಲೆ ಅತ್ತೆವು. ಗಂಡಾಂತರ ಅವತ್ತೇ ಕಳೆಯಿತು ಅಂತ ನಾನು ನಂಬಿಬಿಟ್ಟೆ.

ಸೆಪ್ಟೆಂಬರ್ 1ರ ರಾತ್ರಿ ಸೊಂಟ ಸ್ವಲ್ಪ ಹಿಡಿದ ಹಾಗಿತ್ತು. ನೋವು ಅನ್ನುವಂಥದ್ದೇನೂ ಇಲ್ಲ. ಕೆಳಗೆ ಏನೋ ಭಾರ ಅಷ್ಟೇ. ಹತ್ತಿರದ ಒಂದು ಆಸ್ಪತ್ರೆಗೆ ಹೋದೆವು. ಗರ್ಭಕೋಶದ ಬಾಯಿ ತೆರೆದಿದೆ, ನೀರಿನ ಚೀಲ ಹೊರಗೆ ಬರುತ್ತಿದೆ, ಇನ್ನೇನೂ ಮಾಡಲು ಆಗುವುದಿಲ್ಲ ಅಂದರು. ಬೆಳಗಿನ ಜಾವ 4 ಗಂಟೆಗೆ ಹುಟ್ಟಿದ. ಗಂಡು ಮಗು. 19 ವಾರ. ನನ್ನ ಗಂಡನ ಅಂಗೈಗಿಂತ ಸ್ವಲ್ಪ ಉದ್ದ ಇದ್ದ. ಬೆರಳುಗಳಲ್ಲಿ ಉಗುರಿನ ಗುರುತು ಇತ್ತು. ಹುಬ್ಬು ಗಂಟಿಕ್ಕಿಕೊಂಡಿದ್ದ, ಮಾವನ ಹಾಗೆ.

ನನ್ನನ್ನು ಹೆರಿಗೆ ವಾರ್ಡಿನಲ್ಲೇ ಮಲಗಿಸಿದರು. ಎರಡೂ ಕಡೆ ಕೂಸುಗಳು. ಪಕ್ಕದ ಹಾಸಿಗೆಯ ಅಜ್ಜಿ ಒಬ್ಬರು ಬಂದು "ನಿಮ್ಮದು ಏನು, ಹೆಣ್ಣಾ ಗಂಡಾ" ಅಂದರು. ಅವರ ತಪ್ಪಲ್ಲ. ಒಂದು ಪರದೆ ಎಳೆದಿದ್ದರೂ ಸಾಕಿತ್ತು ನನಗೆ.

ನರ್ಸ್ ಬಂದು, ನೀವು ಒಯ್ಯುತ್ತೀರಾ, ನಾವೇ ಮಾಡಬೇಕಾ ಅಂತ ಕೇಳಿದರು. ಒಯ್ಯುತ್ತೇವೆ ಅಂದರು ಇವರು. ಮನೆ ಹಿಂದಿನ ಕಿತ್ತಳೆ ಗಿಡದ ಬುಡದಲ್ಲಿ, ನನ್ನ ಮದುವೆಯ ವಸ್ತ್ರದ ತುಂಡಲ್ಲಿ ಸುತ್ತಿ ಮಣ್ಣು ಮಾಡಿದರು. ಮಾರನೇ ದಿನ ಕೈಲುಮುಹೂರ್ತ ಹಬ್ಬ. ಎಲ್ಲರ ಮನೆಯಲ್ಲೂ ಕಡುಬು, ಹಂದಿ ಸಾರು. ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಮಳೆ ಹೊಯ್ಯುತ್ತಿತ್ತು. ಕಾಡುಹಂದಿ ಬಂದು ಕೆದಕಿದರೆ ಅಂತ ಇವರಿಗೆ ಹೆದರಿಕೆ. ಹೊಳೆಯಿಂದ ಚಪ್ಪಟೆ ಕಲ್ಲುಗಳನ್ನು ಹೊತ್ತು ತಂದು ಒಂದರ ಮೇಲೊಂದು ಇಟ್ಟರು. ಈಗಲೂ ರಾತ್ರಿ ನಾಯಿ ಬೊಗಳಿದರೆ ಇವರು ಎದ್ದು ಟಾರ್ಚ್ ಹಿಡಿದು ಹೋಗಿ ನೋಡಿ ಬರುತ್ತಾರೆ. ನಾನು ನಿದ್ದೆ ಮಾಡಿದವಳ ಹಾಗೆ ಮಲಗಿರುತ್ತೇನೆ.

ಮೂರನೇ ದಿನ ನನಗೆ ಎದೆಹಾಲು ಬಂತು. ಹೀಗಾಗಬಹುದು ಅಂತ ಯಾರೂ ಒಂದು ಮಾತು ಹೇಳಿರಲಿಲ್ಲ. ರವಿಕೆ ಒದ್ದೆಯಾದಾಗ ಮಳೆ ಸೋರುತ್ತಿದೆ ಅಂದುಕೊಂಡೆ.

12ನೇ ದಿನಕ್ಕೆ ಕೆಲಸಕ್ಕೆ ಹೋದೆ. "ಹೆರಿಗೆ ಆಗಿಲ್ಲವಲ್ಲ, ಹೆರಿಗೆ ರಜೆ ಹೇಗೆ ಕೊಡುವುದು" ಅಂದರು ಆಫೀಸಿನಲ್ಲಿ.

ಈಗ ನನ್ನ ಪ್ರಶ್ನೆ. ಇಲ್ಲಿನ ಡಾಕ್ಟರ್ ಒಬ್ಬರು, ಒಳಗೆ ಗೋಡೆ ಇದೆ, ಕೊಯ್ಯಿಸಿಬಿಡಿ, ಸಣ್ಣ ಆಪರೇಷನ್ ಅಂತಾರೆ. ಮೈಸೂರಿನಲ್ಲಿ ಡೈ ಹಾಕಿ ಎಕ್ಸ್‌ರೇ ತೆಗೆಸಿದೆವು. ಅದನ್ನು ನೋಡಿದವರು, ಇದು ಎರಡು ಕೊಂಬಿನ ಗರ್ಭಕೋಶ, ಕೈ ಹಾಕಲೇಬಾರದು ಅಂತಾರೆ. ಇಬ್ಬರೂ ಒಳ್ಳೆಯವರೇ. ಯಾರ ಮಾತು ಕೇಳಲಿ? ಸಂಬಂಧಿಕರು ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿ ಅಂದರು. ಮಾಡಿಸಿದೆವು. ಅದರ ಬಗ್ಗೆ ನನಗೆ ಬೇಸರ ಇಲ್ಲ.

ಇನ್ನೊಂದು ಇದೆ. ತಾಯಿ ಕಾರ್ಡಿನಲ್ಲಿ ಹೆರಿಗೆ ದಿನಾಂಕ ಜನವರಿ 27 ಅಂತ ಬರೆದಿದೆ. ಕಾರ್ಡು ಬೀರುವಿನಲ್ಲಿದೆ. ಆ ದಿನ ಬರುತ್ತದೆ. ನಿಮ್ಮಲ್ಲಿ ಹೀಗಾದವರು ಆ ದಿನ ಏನು ಮಾಡಿದಿರಿ? ಮುಂದಿನ ಸಲ ಎಲ್ಲಾ ಸರಿಯಾಗುತ್ತದೆ ಅಂತ ಮಾತ್ರ ಬರೆಯಬೇಡಿ. ಅದನ್ನು ದಿನಾ ಕೇಳುತ್ತಿದ್ದೇನೆ.

ಶನಿವಾರಸಂತೆ ಅಕ್ಕ ಬರೆದದ್ದು:

ತಂಗಿ, ಆ ಕಲ್ಲಿನ ವಿಷಯ ಓದಿ ಸುಮಾರು ಹೊತ್ತು ಸುಮ್ನೆ ಕೂತೆ. ನಿನ್ನ ಗಂಡನಿಗೂ ಒಂದು ಮಾತು ಹೇಳು, ನೀನು ಎಚ್ಚರ ಇರುತ್ತೀಯ ಅಂತ. ಒಂದು ರಾತ್ರಿಯಾದರೂ ಇಬ್ಬರೂ ಒಟ್ಟಿಗೆ ಹೋಗಿ ನೋಡಿ ಬನ್ನಿ.

ನನ್ನದು ಸೆಪ್ಟೇಟ್. ಎರಡು ಸಲ ಹೋಯಿತು, 8 ವಾರಕ್ಕೆ ಒಂದು, 11 ವಾರಕ್ಕೆ ಒಂದು. ನನಗೂ ಮೊದಲು ಡೈ ಎಕ್ಸ್‌ರೇಯಲ್ಲಿ ಎರಡು ಕೊಂಬು ಅಂತಲೇ ಬಂತು. ಆಮೇಲೆ ಎಂಆರ್‌ಐ ಮಾಡಿಸಿದಾಗ ಗೋಡೆ ಅಂತ ಗೊತ್ತಾಯಿತು. ಡಾಕ್ಟರ್ ಹೇಳಿದ್ದು ನನಗೆ ಈಗಲೂ ನೆನಪಿದೆ. ಒಂದು ರೂಮಿನ ಮಧ್ಯೆ ಗೋಡೆ ಕಟ್ಟಿದರೂ ಒಳಗಿನಿಂದ ಎರಡು ರೂಮು ಕಾಣುತ್ತದೆ, ಬೇರೆ ಬೇರೆ ಎರಡು ರೂಮು ಇದ್ದರೂ ಹಾಗೇ ಕಾಣುತ್ತದೆ. ಮೇಲೆ ಹತ್ತಿ ಮಾಡು, ಅಂದರೆ ಸೂರು, ನೋಡಿದರೆ ಮಾತ್ರ ಗೊತ್ತಾಗುವುದು ಅಂದರು. ಡೈ ಎಕ್ಸ್‌ರೇ ಒಳಗಿನ ಜಾಗ ಮಾತ್ರ ತೋರಿಸುತ್ತದೆ. ಮಾಡು ತೋರಿಸುವುದಿಲ್ಲ.

ಗರ್ಭಕೋಶದ ಹೊರಗಿನ ಮೇಲ್ಭಾಗ ಸಮ ಇದ್ದು ಒಳಗೆ ಮಾತ್ರ ಗೋಡೆ ಇದ್ದರೆ ಸೆಪ್ಟೇಟ್. ಹೊರಗೇ ತಗ್ಗು ಬಿದ್ದಿದ್ದರೆ, 1 ಸೆಂಟಿಮೀಟರಿಗಿಂತ ಜಾಸ್ತಿ ಅಂತಾರೆ, ಅದು ಬೈಕಾರ್ನುಯೇಟ್. ಗೋಡೆಯನ್ನು ಹೊಟ್ಟೆ ಕೊಯ್ಯದೆ ಕೆಳಗಿನಿಂದಲೇ ಕ್ಯಾಮರಾ ಹಾಕಿ ಕತ್ತರಿಸಬಹುದು. ಎರಡು ಕೊಂಬಿನದ್ದನ್ನು ಗೋಡೆ ಅಂದುಕೊಂಡು ಕತ್ತರಿಸಿದರೆ ಗರ್ಭಕೋಶವೇ ತೂತಾಗಬಹುದು. ಅದಕ್ಕೇ ನಿನ್ನ ಇಬ್ಬರು ಡಾಕ್ಟರೂ ಅವರವರ ಲೆಕ್ಕದಲ್ಲಿ ಸರಿಯೇ. ನಿನ್ನದು ಯಾವುದು ಅಂತ ಮೊದಲು ಗೊತ್ತಾಗಬೇಕು. 3ಡಿ ಸ್ಕ್ಯಾನ್ ಅಥವಾ ಎಂಆರ್‌ಐ ಆಗದೆ ಯಾವ ಆಪರೇಷನ್‌ಗೂ ಸಹಿ ಹಾಕಬೇಡ.

ನಾನು ಕತ್ತರಿಸಿಕೊಂಡೆ. ಬೆಳಿಗ್ಗೆ ಹೋಗಿ ಸಾಯಂಕಾಲ ಮನೆಗೆ ಬಂದೆ. ಒಂದು ವರ್ಷದ ಮೇಲೆ ನಿಂತಿತು, ಮಗು ಉಲ್ಟಾ ಇತ್ತು, 36ನೇ ವಾರಕ್ಕೆ ಸಿಸೇರಿಯನ್ ಆಯಿತು. ಈಗ ಮಗಳು ಎರಡನೇ ಕ್ಲಾಸು. ಆಪರೇಷನ್‌ನಿಂದಲೇ ಆಯಿತು ಅಂತ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆಮೇಲೆ ಗೊತ್ತಾದದ್ದನ್ನೂ ಹೇಳಬೇಕು. 2021ರಲ್ಲಿ ಒಂದು ಅಧ್ಯಯನ ಬಂತು. ನೆದರ್ಲೆಂಡ್ಸ್, ಬ್ರಿಟನ್, ಅಮೆರಿಕ, ಇರಾನ್ ಸೇರಿ 80 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ದರು. ಗೋಡೆ ಕತ್ತರಿಸುವ ಗುಂಪಿನಲ್ಲಿ ಲೆಕ್ಕಕ್ಕೆ ಸಿಕ್ಕ 39 ಜನರಲ್ಲಿ 12 ಜನಕ್ಕೆ ಜೀವಂತ ಮಗು ಆಯಿತು. ಹಾಗೇ ಬಿಟ್ಟ 40 ಜನರಲ್ಲಿ 14 ಜನಕ್ಕೆ ಆಯಿತು. ಅಂದರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಅಧ್ಯಯನ, ಅದಕ್ಕೇ ಡಾಕ್ಟರುಗಳಲ್ಲಿ ಈಗಲೂ ಎರಡು ಅಭಿಪ್ರಾಯ ಇದೆ. ಪದೇ ಪದೇ ಹೋಗುತ್ತಿದ್ದರೆ ಕತ್ತರಿಸುವುದು ಒಳ್ಳೆಯದು ಅನ್ನುವವರೂ ತುಂಬಾ ಜನ ಇದ್ದಾರೆ. ನನ್ನ ಮಗಳನ್ನು ನೋಡಿ ನೀನು ನಿರ್ಧಾರ ಮಾಡಬಾರದು ಅಂತ ಇಷ್ಟು ಬರೆದೆ.

ನೈಟ್‌ಡ್ಯೂಟಿ ಬರೆದದ್ದು:

ನಾನು ಹೆರಿಗೆ ವಾರ್ಡಿನಲ್ಲಿ 14 ವರ್ಷದಿಂದ ನರ್ಸ್. ನೀವು ಹೋದ ಆಸ್ಪತ್ರೆ ಅಲ್ಲ, ಬೇರೆ. ಆದರೂ ಆ ಪರದೆಯ ವಿಷಯಕ್ಕೆ ನಾನು ಕ್ಷಮೆ ಕೇಳುತ್ತೇನೆ. ಹಾಸಿಗೆ ಇಲ್ಲ ಅನ್ನುವುದು ನಿಜ ಇರಬಹುದು. ಪರದೆ ಎಳೆಯಲು ಹಾಸಿಗೆ ಬೇಕಾಗಿಲ್ಲ.

ಎದೆಹಾಲಿನ ವಿಷಯ ಓದಿ ತುಂಬಾ ಸಂಕಟ ಆಯಿತು. ನಾಲ್ಕು ತಿಂಗಳು ದಾಟಿ ಮಗು ಹೋದರೆ ಹಾಲು ಬರುವುದು ಸಹಜ. ಡಿಸ್ಚಾರ್ಜ್ ಆಗುವ ಮೊದಲೇ ಹೇಳಬೇಕಿತ್ತು. ಹಾಲು ನಿಲ್ಲಿಸಲು ಕ್ಯಾಬರ್ಗೋಲಿನ್ ಅಂತ ಮಾತ್ರೆ ಇದೆ. ಬಿಪಿ ಜಾಸ್ತಿ ಇರುವವರಿಗೆ ಅದು ಆಗದೇ ಇರಬಹುದು, ಡಾಕ್ಟರ್ ನೋಡಿ ಕೊಡುತ್ತಾರೆ. ಇದನ್ನು ಓದುವ ಬೇರೆಯವರಿಗೂ ಗೊತ್ತಿರಲಿ.

ನಿಮ್ಮ ಕಥೆಯಲ್ಲಿ ನನಗೆ ಆಕಾರಕ್ಕಿಂತ ಜಾಸ್ತಿ ಕಂಡದ್ದು ಬೇರೆ. ನೋವಿಲ್ಲದೆ ಬಾಯಿ ತೆರೆಯಿತು ಅಂದಿರಿ. ಅದು ಗರ್ಭಕೋಶದ ಕೊರಳಿನ ಬಲದ ಪ್ರಶ್ನೆ. ಆಕಾರ ಬೇರೆ ಇರುವವರಲ್ಲಿ ಕೆಲವು ಸಲ ಅದೂ ಜೊತೆಗೆ ಕಾಣಿಸಿಕೊಳ್ಳುತ್ತದೆ. ಗೋಡೆ ಕತ್ತರಿಸಿದರೆ ಕೊರಳು ಗಟ್ಟಿಯಾಗುವುದಿಲ್ಲ. ಮುಂದೆ ಯಾವಾಗಲಾದರೂ ಬಸುರಿಯಾದರೆ, ಮೊದಲ ಭೇಟಿಯಲ್ಲೇ "19 ವಾರಕ್ಕೆ ನೋವಿಲ್ಲದೆ ಹೋಗಿತ್ತು" ಅಂತ ಇದೇ ಮಾತಿನಲ್ಲಿ ಹೇಳಿ. 12ರಿಂದ 14 ವಾರದೊಳಗೆ ಕೊರಳಿಗೆ ಹೊಲಿಗೆ ಹಾಕಬೇಕಾ, ಇಲ್ಲ 16ನೇ ವಾರದಿಂದ ಕೊರಳಿನ ಉದ್ದ ಅಳೆಯುತ್ತಾ ಹೋಗಬೇಕಾ ಅಂತ ಅವರು ತೀರ್ಮಾನ ಮಾಡುತ್ತಾರೆ. 25 ಮಿಲಿಮೀಟರಿಗಿಂತ ಕಡಿಮೆ ಆದರೆ ಪ್ರೊಜೆಸ್ಟರಾನ್ ಹಾರ್ಮೋನ್ ಅಥವಾ ಹೊಲಿಗೆ. ಈ ಅಳತೆ ಕೆಳಗಿನಿಂದ ಮಾಡುವ ಸ್ಕ್ಯಾನಿಂಗ್‌ನಲ್ಲೇ ಸರಿಯಾಗಿ ಸಿಗುವುದು, ನಾಚಿಕೆ ಪಟ್ಟು ಬೇಡ ಅನ್ನಬೇಡಿ.

ಎಂಆರ್‌ಐ ಮಾಡಿಸುವಾಗ ಕಿಡ್ನಿಯನ್ನೂ ನೋಡಲು ಹೇಳಿ. ನಾವು ತಾಯಿ ಹೊಟ್ಟೆಯಲ್ಲಿ ಇರುವಾಗ ಎರಡು ನಾಳ ಬಂದು ಸೇರಿ ಒಂದು ಗರ್ಭಕೋಶ ಆಗುತ್ತದೆ, ಆಮೇಲೆ ಮಧ್ಯದ ಗೋಡೆ ಕರಗುತ್ತದೆ. ಕಿಡ್ನಿಯೂ ಅದರ ಪಕ್ಕದಲ್ಲೇ ಬೆಳೆಯುವುದು. ಅದಕ್ಕೇ ಕೆಲವರಿಗೆ ಒಂದೇ ಕಿಡ್ನಿ ಇರುತ್ತದೆ. ಅಂದರೆ ಇದು ನೀವು ಹುಟ್ಟುವ ಮೊದಲೇ ಆದದ್ದು. ನೀವು ಭಾರ ಎತ್ತಿದ್ದಕ್ಕೆ, ಸ್ಕೂಟರಿನಲ್ಲಿ ಹೋದದ್ದಕ್ಕೆ, ಪಾಯಸ ಕುಡಿದದ್ದಕ್ಕೆ ಆದದ್ದಲ್ಲ. ನೀವು ಕೇಳಲಿಲ್ಲ, ಆದರೆ ರಾತ್ರಿ ಹೊತ್ತು ಅದನ್ನೇ ಯೋಚಿಸುತ್ತೀರಿ ಅಂತ ನನಗೆ ಗೊತ್ತು. ವಾರ್ಡಿನಲ್ಲಿ ಎಲ್ಲರೂ ನನ್ನ ಕೈ ಹಿಡಿದು ಅದನ್ನೇ ಕೇಳುತ್ತಾರೆ.

ಥೈರಾಯ್ಡ್, ಶುಗರ್, ಎಪಿಎಲ್ಎ (ರಕ್ತ ಹೆಪ್ಪುಗಟ್ಟಿಸಿ ಗರ್ಭಪಾತಕ್ಕೆ ಕಾರಣ ಆಗಬಹುದಾದ ಆಂಟಿಬಾಡಿ ಇದೆಯಾ ಅಂತ ನೋಡುವುದು) ರಕ್ತ ಪರೀಕ್ಷೆ ಆಗಿದೆಯಾ? ಆಕಾರ ಸಿಕ್ಕಿತು ಅಂತ ಉಳಿದ ಕಾರಣ ಹುಡುಕುವುದನ್ನು ಬಿಡಬಾರದು. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಕೊಟ್ಟಿರಬೇಕು, ಡಿಸ್ಚಾರ್ಜ್ ಚೀಟಿ ನೋಡಿ.

ರಜೆಯ ವಿಷಯ. ನಿಮ್ಮ ಆಫೀಸಿನವರು ಹೇಳಿದ್ದು ತಪ್ಪು. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಗರ್ಭಪಾತ ಆದರೆ 6 ವಾರ ಸಂಬಳ ಸಹಿತ ರಜೆ ಇತ್ತು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ 6 ವಾರ ಹಾಗೇ ಇದೆ. ಫ್ಯಾಕ್ಟರಿಗೂ ಅನ್ವಯ, ಎಸ್ಟೇಟಿಗೂ ಅನ್ವಯ. ಎಸ್ಟೇಟಿನ ಕೂಲಿಗಳ ಲೈನ್‌ಮನೆಯಲ್ಲಿ ಇರುವ ಹೆಂಗಸರು ಮೂರನೇ ದಿನಕ್ಕೆ ಕಾಫಿ ಕುಯ್ಯಲು ಹೋಗುವುದನ್ನು ನಾನು ನೋಡಿದ್ದೇನೆ. ಅವರಿಗೂ ಹೇಳಿ.

ಪೊನ್ನಂಪೇಟೆ ಕಡೆಯವಳು ಬರೆದದ್ದು:

ನನ್ನದು ಅರ್ಧ ಗರ್ಭಕೋಶ, ಯೂನಿಕಾರ್ನುಯೇಟ್. ಕಿಡ್ನಿಯೂ ಒಂದೇ. ಕತ್ತರಿಸಲು ನನಗೆ ಗೋಡೆಯೂ ಇಲ್ಲ, ಮಾಡುವ ಆಪರೇಷನ್ನೂ ಇಲ್ಲ. ಮೂರು ಸಲ ಹೋಯಿತು. ಕೊನೆಯವಳು 24 ವಾರ ಇದ್ದಳು, ಎರಡು ದಿನ ಬದುಕಿದ್ದಳು. ಹೆಸರಿಟ್ಟಿದ್ದೆವು.

ಮೇಲೆ ಬರೆದವರು ಎಲ್ಲರೂ ಮುಂದಿನ ಸಲಕ್ಕೆ ಏನು ಮಾಡಬೇಕು ಅಂತ ಚೆನ್ನಾಗಿ ಹೇಳಿದ್ದಾರೆ. ಅದು ಬೇಕು. ಆದರೆ ತಂಗಿ ಕೇಳಿದ್ದರಲ್ಲಿ ಅರ್ಧ ಅದಲ್ಲ.

ನಮ್ಮ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಹುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಐನ್‌ಮನೆಗೆ, ನಮ್ಮ ಮೂಲ ಮನೆಗೆ, ಸೇರುತ್ತೇವೆ. ಕದಿರು ತೆಗೆಯುವಾಗ "ಪೊಲಿ ಪೊಲಿ ದೇವಾ" ಅಂತ ಕೂಗಬೇಕು. ಹೆಚ್ಚಲಿ, ತುಂಬಲಿ ಅಂತ ಅದರ ಅರ್ಥ. ಮಗಳು ತೀರಿಕೊಂಡ ವರ್ಷ ನನಗೆ ಗಂಟಲಿನಿಂದ ಆ ಮಾತು ಹೊರಡಲಿಲ್ಲ. ಗದ್ದೆ ಬದುವಿನ ಮೇಲೆ ಎಲ್ಲರ ಜೊತೆ ನಿಂತು ಬಾಯಿ ಮಾತ್ರ ಆಡಿಸಿದೆ. ಪಕ್ಕದಲ್ಲಿ ನಮ್ಮ ಅತ್ತೆಯ ತಂಗಿ, ತುಂಬಾ ವಯಸ್ಸಾದವರು, ನನ್ನ ಸೆರಗು ಹಿಡಿದುಕೊಂಡರು. ಅವರೂ ಕೂಗುವುದನ್ನು ನಿಲ್ಲಿಸಿದರು. ಮನೆಗೆ ಬರುವ ದಾರಿಯಲ್ಲಿ, "ನನ್ನದು ನಾಲ್ಕು ಹೋಯಿತು, ಲೆಕ್ಕ ಇಟ್ಟವಳು ನಾನೊಬ್ಬಳೇ" ಅಂದರು. ನಲವತ್ತು ವರ್ಷ ಮನೆಯವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ ಅದು.

ನಾವು ಮಗಳು ಹುಟ್ಟಬೇಕಿದ್ದ ದಿನಾಂಕದಂದು ಏನೂ ದೊಡ್ಡದಾಗಿ ಮಾಡುವುದಿಲ್ಲ. ಫೋನ್ ಆಫ್ ಮಾಡುತ್ತೇವೆ. ನಾನು ಅಕ್ಕಿ ರೊಟ್ಟಿ ಮಾಡುತ್ತೇನೆ, ಇವರು ದೀಪ ಹಚ್ಚುತ್ತಾರೆ. ಅವಳ ಹೆಸರನ್ನು ಒಂದು ಸಲವಾದರೂ ಗಟ್ಟಿಯಾಗಿ ಹೇಳುತ್ತೇವೆ. ಮೊದಲ ವರ್ಷ ಆ ದಿನಕ್ಕಿಂತ ಅದರ ಹಿಂದಿನ ವಾರವೇ ಜಾಸ್ತಿ ಕಷ್ಟ ಆಯಿತು. ನಿಮಗೂ ಹಾಗಾಗಬಹುದು. ಜನವರಿ ಅಂದರೆ ರೋಬಸ್ಟಾ ಕುಯ್ಲು, ಮನೆ ತುಂಬಾ ಆಳು, ಕಣದ ಕೆಲಸ. ಆ ಒಂದು ದಿನ ಕೆಲಸ ಇಟ್ಟುಕೊಳ್ಳಬೇಡಿ ಅಂತ ಗಂಡನಿಗೆ ಈಗಲೇ ಹೇಳಿಡಿ.

2019ರಲ್ಲಿ ನಾವು ಇನ್ನು ಸಾಕು ಅಂತ ನಿಲ್ಲಿಸಿದೆವು. ಇನ್ನೂ ಪ್ರಯತ್ನ ಮಾಡಬಹುದು ಅಂತಲೇ ಡಾಕ್ಟರ್ ಹೇಳಿದ್ದರು. ನಿಲ್ಲಿಸಬಹುದು ಅಂತ ಯಾರೂ ಹೇಳಿರಲಿಲ್ಲ. ನೀವು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ, ನಿಮಗೆ ಇನ್ನೂ 31. ಯಾವ ದಿನ ಬೇಕಾದರೂ ಸ್ವಲ್ಪ ಕಾಲ ಬೇಡ ಅನ್ನುವ ಹಕ್ಕು ನಿಮಗಿದೆ. ಅತ್ತೆಗೆ, ಡಾಕ್ಟರಿಗೆ, ಯಾರಿಗೇ ಆದರೂ.

ರಾತ್ರಿ ತೀರಾ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಎರಡು ಸಲ ಮಾಡಿದ್ದೇನೆ. ಒಂದು ಸಲ ಏನೂ ಮಾತಾಡದೆ ಬರೀ ಅತ್ತೆ. ಆ ಕಡೆಯ ಹುಡುಗಿ ಫೋನ್ ಇಡಲಿಲ್ಲ.

ಹಾರಂಗಿ ಬರೆದದ್ದು:

ನಾನು ಗಂಡಸು. ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ನಮಗೂ 17 ವಾರಕ್ಕೆ ಹೀಗಾಗಿತ್ತು. ಎಲ್ಲರೂ ನನ್ನ ಹತ್ತಿರ "ಅವಳು ಹೇಗಿದ್ದಾಳೆ" ಅಂತ ಕೇಳಿದರು. ನಾನು ಹೇಗಿದ್ದೇನೆ ಅಂತ ಒಬ್ಬರೂ ಕೇಳಲಿಲ್ಲ. ನನಗೂ ಹಾಗೆ ಕೇಳಬೇಕಾದದ್ದು ಅಂತ ಗೊತ್ತಿರಲಿಲ್ಲ. ಗುಂಡಿ ತೋಡಿದವನು ನಾನು. ಮಣ್ಣು ಎಷ್ಟು ಮೆತ್ತಗಿತ್ತು ಅಂತ ಕೈಗೆ ಇನ್ನೂ ನೆನಪಿದೆ. ನಿಮ್ಮ ಯಜಮಾನರು ಟಾರ್ಚ್ ಹಿಡಿದು ಹೋಗುವುದು ಹಂದಿಗೆ ಮಾತ್ರ ಅಲ್ಲ ಮೇಡಂ. ಅಷ್ಟು ಹೇಳಬೇಕು ಅನ್ನಿಸಿತು.

ಕಿತ್ತಳೆಗಿಡ ಬರೆದದ್ದು:

ಎಲ್ಲರಿಗೂ ಉತ್ತರ ಬರೆಯಲು ನಾಲ್ಕು ದಿನ ಬೇಕಾಯಿತು.

ಹಾರಂಗಿ ಸರ್, ನೀವು ಬರೆದದ್ದನ್ನು ಇವರಿಗೆ ಓದಿ ಹೇಳಿದೆ. ಏನೂ ಹೇಳದೆ ಎದ್ದು ಹೊರಗೆ ಹೋದರು. ಆ ರಾತ್ರಿ ನಾಯಿ ಬೊಗಳಲೇ ಇಲ್ಲ, ಆದರೂ ಇವರು ಎದ್ದರು. ನಾನೂ ಎದ್ದೆ. ಚಳಿ ಶುರುವಾಗಿದೆ ಈಗ, ಕಲ್ಲಿನ ಮೇಲೆಲ್ಲ ಇಬ್ಬನಿ ಇತ್ತು. ಕಿತ್ತಳೆ ಗಿಡದಲ್ಲಿ ಏಳೆಂಟು ಹಣ್ಣು ಬಣ್ಣ ತಿರುಗಿದೆ. ಮಾತಾಡಲಿಲ್ಲ. ಆಮೇಲೆ ಒಳಗೆ ಬಂದು ಬೆಲ್ಲದ ಕಾಫಿ ಮಾಡಿ ಕುಡಿದೆವು, ಮೂರು ಗಂಟೆ ರಾತ್ರಿಗೆ.

ನೈಟ್‌ಡ್ಯೂಟಿ ಅಕ್ಕ, ನನ್ನ ಗುಂಪು ಓ ಪಾಸಿಟಿವ್. ಥೈರಾಯ್ಡ್, ಶುಗರ್ ಸರಿ ಇದೆ. ಎಪಿಎಲ್ಎ ಮಾಡಿಸಿಲ್ಲ, ಬರೆದುಕೊಂಡಿದ್ದೇನೆ. ಪಾಯಸದ ಬಗ್ಗೆ ನೀವು ಬರೆದ ಸಾಲನ್ನು ಅತ್ತೆಗೂ ಓದಿ ಹೇಳಿದೆ. ಅವರು ಗಳಗಳ ಅತ್ತುಬಿಟ್ಟರು. ನಾನು ಮಾಡಿದ ಪಾಯಸದಿಂದಲೇ ಆಯಿತು ಅಂತ ಅವರು ಮೂರು ತಿಂಗಳಿಂದ ಒಳಗೊಳಗೇ ಕೊರಗುತ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. ಅವರು ಮಾತಾಡುತ್ತಿಲ್ಲ, ನನ್ನ ಮೇಲೆ ಸಿಟ್ಟು ಅಂದುಕೊಂಡಿದ್ದೆ.

ರಜೆಯ ಬಗ್ಗೆ ಆಫೀಸಿಗೆ ಕಾಗದ ಬರೆದು ಕೊಟ್ಟಿದ್ದೇನೆ. ನೋಡೋಣ.

ಪೊನ್ನಂಪೇಟೆ ಅಕ್ಕ, ನಮ್ಮವನಿಗೆ ನಾವು ಹೆಸರಿಟ್ಟಿರಲಿಲ್ಲ. ಇಡಬಹುದಾ ಅಂತ ನಿನ್ನೆ ಇವರನ್ನು ಕೇಳಿದೆ. ಇವರ ಮನಸ್ಸಿನಲ್ಲಿ ಆಗಲೇ ಒಂದು ಇತ್ತು. ಇಲ್ಲಿ ಬರೆಯುವುದಿಲ್ಲ, ಜನವರಿ 27ಕ್ಕೆ ಗಟ್ಟಿಯಾಗಿ ಹೇಳುತ್ತೇವೆ. ಅವತ್ತು ಆಳುಗಳಿಗೆ ರಜೆ ಅಂತ ಇವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ.

ಆಪರೇಷನ್ ಈಗ ಬೇಡ ಅಂತ ಇಲ್ಲಿನ ಡಾಕ್ಟರಿಗೆ ಹೇಳಿದೆವು. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ, ಎಂಆರ್‌ಐಗೆ ಚೀಟಿ ಬರೆದುಕೊಟ್ಟರು. ಹುತ್ತರಿ ಕಳೆದ ಮೇಲೆ ಬರುವ ಮಂಗಳವಾರ ಮೈಸೂರಿಗೆ ಹೋಗುತ್ತಿದ್ದೇವೆ. ಶನಿವಾರಸಂತೆ ಅಕ್ಕ, ಒಂದು ಸಣ್ಣ ಪ್ರಶ್ನೆ. ಒಳಗೆ ಹೋಗುವಾಗ ತಾಳಿ ತೆಗೆಯಬೇಕಾ? ಅತ್ತೆ ಕೇಳುತ್ತಿದ್ದಾರೆ.

ಶನಿವಾರಸಂತೆ ಅಕ್ಕ ಬರೆದದ್ದು:

ತೆಗೆಯಬೇಕು ತಂಗಿ. ತಾಳಿ, ಬಳೆ, ಕಾಲುಂಗುರ, ಕೂದಲಿನ ಪಿನ್ನು, ಎಲ್ಲ. ಒಳಗೆ ದೊಡ್ಡ ಮ್ಯಾಗ್ನೆಟ್ ಇರುತ್ತದೆ. ತಾಳಿಗೆ ಬದಲು ಅರಿಶಿನ ಕೊಂಬು ಕಟ್ಟಿದ ದಾರ ಹಾಕಿಕೋ, ನನ್ನ ಅತ್ತೆ ಹಾಗೇ ಮಾಡಿದ್ದರು, ಸ್ಕ್ಯಾನಿಂಗ್‌ನವರು ಏನೂ ಅನ್ನಲಿಲ್ಲ. ತುಂಬಾ ಶಬ್ದ ಬರುತ್ತದೆ, ಹೆದರಬೇಡ, ಕಿವಿಗೆ ಹತ್ತಿ ಕೊಡುತ್ತಾರೆ. ಅರ್ಧ ಗಂಟೆ ಅಲ್ಲಾಡದೆ ಮಲಗಬೇಕು. ಬೆಳಿಗ್ಗೆ ಬೇಗ ಹೊರಡಿ, ಹುಣಸೂರು ದಾಟುವವರೆಗೆ ಮಂಜು ಇರುತ್ತದೆ. ಶಾಲು ಇಟ್ಟುಕೋ, ಆ ರೂಮು ತುಂಬಾ ತಣ್ಣಗಿರುತ್ತದೆ.